ಕೊಡಗಿನಿಂದ ಕಡಲಿಗೆ: ಗೈಡ್ ಜೊತೆಗಿನ ಮೊದಲ ಸೀ ಕಯಾಕಿಂಗ್ ಪ್ರವಾಸಕ್ಕೆ ಹಂತ ಹಂತದ ತಯಾರಿ

ದುಬಾರೆಯಲ್ಲೋ ಮಳೆಗಾಲದ ಬರಪೊಳೆಯಲ್ಲೋ ರ‍್ಯಾಫ್ಟಿಂಗ್ ಮಾಡಿ ಬಂದವರು ಕೊಡಗಿನಲ್ಲಿ ಬೇಕಾದಷ್ಟಿದ್ದಾರೆ. ಅದೇ ಧೈರ್ಯದಲ್ಲಿ ಕಡಲ ಕಯಾಕಿಂಗ್‌ಗೂ, ಅಂದರೆ ಎರಡಲಗಿನ ಹುಟ್ಟು (ಪ್ಯಾಡಲ್) ಹಾಕಿ ಸಪೂರ ದೋಣಿ ನಡೆಸುವುದಕ್ಕೂ, ಹೆಸರು ಕೊಡುತ್ತಾರೆ. ಧೈರ್ಯವೇನೋ ಇರಲಿ, ಆದರೆ ಹೊಳೆಯ ಲೆಕ್ಕ ಕಡಲಿಗೆ ಹೊಂದುವುದಿಲ್ಲ. ಹೊಳೆಯಲ್ಲಿ ನಿಮ್ಮನ್ನು ಒಯ್ಯುವುದು ನೀರು. ಅದು ಹೋಗುವ ದಿಕ್ಕು ಒಂದೇ, ದಡ ಎರಡೂ ಬದಿಗೆ ಕಾಣುತ್ತಿರುತ್ತದೆ. ಕಡಲಲ್ಲಿ ನಿಮ್ಮನ್ನು ಒಯ್ಯುವುದು ಹೆಚ್ಚಾಗಿ ಗಾಳಿ. ಅದು ಹೊತ್ತಿಗೊಂದು ದಿಕ್ಕಿಗೆ ತಿರುಗುತ್ತದೆ, ಮತ್ತು ಹೋದಷ್ಟೂ ದೂರವನ್ನು ನಿಮ್ಮ ತೋಳಿನಿಂದಲೇ ವಾಪಸ್ ಬರಬೇಕು. ಹೊಸಬರು ಅಲೆಗೆ ಹೆದರುತ್ತಾರೆ, ಗಾಳಿಯನ್ನು ಲೆಕ್ಕಕ್ಕೇ ಇಡುವುದಿಲ್ಲ. ತೊಂದರೆ ಶುರುವಾಗುವುದು ಅಲ್ಲಿಂದಲೇ. ಈ ಮಾರ್ಗದರ್ಶಿಯ ಬಹುಪಾಲು ಮಾತು ಸುತ್ತಿ ಸುತ್ತಿ ಗಾಳಿಗೇ ಬರುತ್ತದೆ.

1. ದಿನ ಗೊತ್ತು ಮಾಡುವುದು

ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಯಾಕ್ ಇಳಿಸುವ ಮಾತೇ ಬೇಡ. ಅಕ್ಟೋಬರ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಿಂಚಿನ ಕಾಟ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಾರ್ಚ್ ನಂತರ ಬಿಸಿಲಿಗೆ ಮೈ ಸೋಲುತ್ತದೆ, ಮಧ್ಯಾಹ್ನದ ಗಾಳಿಯೂ ಬಲಿಯುತ್ತದೆ.

ಕಾಫಿ ತೋಟ ಇರುವವರಿಗೆ ತೊಡಕು ಇಲ್ಲೇ. ಕಡಲು ಚೆನ್ನಾಗಿರುವ ತಿಂಗಳುಗಳಲ್ಲೇ ಅರೇಬಿಕಾ ಕೊಯ್ಲು, ನಡುವೆ ಪುತ್ತರಿ ಹಬ್ಬ, ಅದರ ಬೆನ್ನಿಗೆ ರೊಬಸ್ಟಾ. ಹಾಗಾಗಿ ಉಳಿಯುವುದು ಎರಡು ಸಂದಿ: ಅರೇಬಿಕಾ ಹಣ್ಣಾಗುವ ಮೊದಲು ನವೆಂಬರ್ ಮೊದಲರ್ಧ, ಇಲ್ಲವೇ ರೊಬಸ್ಟಾ ಕೊಯ್ಲು ಮುಗಿದು ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಮೊದಲಿನ ನಾಲ್ಕಾರು ದಿನ. ಎರಡರಲ್ಲಿ ನವೆಂಬರ್ ವಾಸಿ. ಕಣದಲ್ಲಿ ಕಾಫಿ ಒಣಗಲು ಹಾಕಿಟ್ಟು ಕಡಲಿಗೆ ಹೋದವರ ಮನಸ್ಸು ದೋಣಿಯಲ್ಲಿರುವುದಿಲ್ಲ.

ತಿಂಗಳು ಗೊತ್ತಾದ ಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಚಂದ್ರನನ್ನು ನೋಡಿ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಹೊತ್ತು ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಏರಿಳಿತ ಕಡಿಮೆಯಿದ್ದರೆ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಸೆಳೆತವೂ ಕಡಿಮೆ. ಮೊದಲ ಪ್ರವಾಸಕ್ಕೆ ಅಷ್ಟಮಿಯ ಹಿಂದುಮುಂದಿನ ಮೂರು ದಿನ ಹಿಡಿಯಿರಿ. ರಾತ್ರಿ ಮಿನುಗುವ ನೀರು ನೋಡಲೆಂದೇ ಅಂಡಮಾನಿನ ಸ್ವರಾಜ್ ದ್ವೀಪ, ಅಂದರೆ ಹಳೆಯ ಹ್ಯಾವ್‌ಲಾಕ್‌ಗೆ ಹೋಗುವವರಿಗೆ ಮಾತ್ರ ಅಮಾವಾಸ್ಯೆಯ ಕತ್ತಲೆ ಬೇಕು.

2. ಜಾಗ ಮತ್ತು ಗೈಡ್

ಒಂದು ದಿನದ ಪ್ರವಾಸಕ್ಕೆ ಅಷ್ಟು ದೂರ ಹೋಗಬೇಡಿ. ಕನಿಷ್ಠ ಮೂರು ದಿನ ಇರಲಿ. ಮೊದಲ ದಿನ ಹಿನ್ನೀರು, ಎರಡನೆಯ ದಿನ ಮರೆ ಇರುವ ಕೊಲ್ಲಿ, ಮೂರನೆಯ ದಿನ ಹವೆ ಒಪ್ಪಿದರೆ ತೆರೆದ ಕಡಲಿನ ಅಂಚು. ಹಿನ್ನೀರಿಗೆ ಉಡುಪಿ ಜಿಲ್ಲೆಯ ಸಾಲಿಗ್ರಾಮದ ಬಳಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಹೊನ್ನಾವರದ ಶರಾವತಿ, ದಕ್ಷಿಣ ಕೊಡಗಿನವರಿಗೆ ಹತ್ತಿರವಾಗುವ ಪಯ್ಯನ್ನೂರಿನ ಕವ್ವಾಯಿ ಇವೆ. ಕಡಲಿಗೆ ಗೋಕರ್ಣದ ಓಂ ಬೀಚಿನಿಂದ ಆಚೆಯ ಬಂಡೆಗಳ ದಂಡೆ, ಕಾರವಾರದ ದೇವಬಾಗ್ ಸುತ್ತಮುತ್ತ. ಕಾರವಾರದಲ್ಲಿ ನೌಕಾನೆಲೆ ಇರುವುದರಿಂದ ಕಂಡ ದ್ವೀಪಕ್ಕೆಲ್ಲ ಹೋಗುವಂತಿಲ್ಲ. ಗೈಡ್ ಹೇಳಿದ ಗೆರೆ ದಾಟಬೇಡಿ.

ಗೈಡ್‌ಗೆ ಹಣ ಕಳಿಸುವ ಮೊದಲು ಫೋನಿನಲ್ಲಿ ಕೇಳಬೇಕಾದವು ಇವು:

- ಒಬ್ಬ ಗೈಡ್‌ಗೆ ಎಷ್ಟು ಜನ? ಕಡಲಿಗೆ ಆರಕ್ಕಿಂತ ಹೆಚ್ಚಿದ್ದರೆ ಬೇಡ.
- ಕಯಾಕ್ ಯಾವ ಬಗೆಯದು, ಎಷ್ಟು ಉದ್ದ, ಎಷ್ಟು ಭಾರ ತಾಳುತ್ತದೆ?
- ಎಳೆಯುವ ಹಗ್ಗ, ಹೆಚ್ಚುವರಿ ಹುಟ್ಟು, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ದೋಣಿಗಳ ನಡುವೆ ಮಾತಾಡುವ ವಿಎಚ್‌ಎಫ್ ರೇಡಿಯೊ ಗೈಡ್‌ನ ಕಯಾಕಿನಲ್ಲಿ ಇರುತ್ತವೆಯೆ?
- ನೀರಿನಿಂದ ಜೀವ ಉಳಿಸುವ ತರಬೇತಿ ಎಲ್ಲಿ ಆಗಿದೆ? ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ, ನಮ್ಮದೇ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇಂಥ ಕಡೆ ಕಲಿತವರಾದರೆ ಒಳ್ಳೆಯದು.
- ಮಗುಚಿದರೆ ಹತ್ತುವುದನ್ನು ಮೊದಲ ದಿನವೇ ಕಲಿಸುತ್ತೀರಾ?
- ಗಾಳಿ ಎಷ್ಟಾದರೆ ರದ್ದು ಮಾಡುತ್ತೀರಿ?

ಕೊನೆಯ ಪ್ರಶ್ನೆಗೆ ಬರುವ ಉತ್ತರವೇ ಎಲ್ಲಕ್ಕಿಂತ ಮುಖ್ಯ. “ಏನೂ ಆಗಲ್ಲ ಸಾರ್, ನಾವಿದ್ದೀವಿ” ಎಂದರೆ ಬೇರೆಯವರನ್ನು ಹುಡುಕಿ. ಅಂಕಿ ಹೇಳಿದರೆ ಅವರು ಕಡಲು ಬಲ್ಲವರು. ಗಂಟೆಗೆ ಸುಮಾರು 20 ಕಿ.ಮೀ. ಗಾಳಿ ಬೀಸುವಾಗ ಅಲೆಯ ತಲೆ ಅಲ್ಲಲ್ಲಿ ಬಿಳಿಯಾಗಿ ಒಡೆಯತೊಡಗುತ್ತದೆ. ಹೊಸಬರ ಗುಂಪಿಗೆ ಅಲ್ಲಿಗೆ ಮುಗಿಯಿತು.

ಕಯಾಕಿನಲ್ಲಿ ಎರಡು ಜಾತಿ. ಮೇಲೆಯೇ ಕೂರುವ ಅಗಲದ ಸಿಟ್-ಆನ್-ಟಾಪ್ ಮಗುಚಿದರೂ ನೀರು ತುಂಬುವುದಿಲ್ಲ, ಹತ್ತುವುದು ಸುಲಭ, ಆದರೆ ನಿಧಾನ, ಗಾಳಿಗೆ ಸರಿಯುತ್ತದೆ. ಕಾಲು ಒಳಗೆ ತೂರಿಸಿ ಕೂರುವ ನಿಜವಾದ ಸೀ ಕಯಾಕ್ ಸುಮಾರು ಐದು ಮೀಟರ್ ಉದ್ದ, ಅರವತ್ತು ಸೆಂಟಿಮೀಟರ್‌ನಷ್ಟೇ ಅಗಲ. ನೇರ ಓಡುತ್ತದೆ, ಸಾಮಾನು ಹಿಡಿಯುತ್ತದೆ, ಮೊದಲ ಹತ್ತು ನಿಮಿಷ ಮಾತ್ರ ಸೊಂಟದ ಕೆಳಗೆ ಅಲುಗುತ್ತಲೇ ಇರುತ್ತದೆ. ಈಜು ಚೆನ್ನಾಗಿ ಬಾರದವರು ಮೊದಲ ಬಗೆಯನ್ನೇ ಕೇಳಲಿ. ಗಂಡ ಹೆಂಡತಿ ಇಬ್ಬರೂ ಹೊಸಬರಾಗಿ ಡಬಲ್ ಕಯಾಕ್ ಹತ್ತಿದರೆ ಯಾರ ಹುಟ್ಟು ಯಾರದಕ್ಕೆ ತಾಗಿತು ಎಂಬ ಜಗಳದಲ್ಲೇ ದಿನ ಕಳೆಯುತ್ತದೆ. ಒಂದು ಡಬಲ್‌ನಲ್ಲಿ ಒಬ್ಬರಾದರೂ ಬಲ್ಲವರಿರಲಿ.

3. ಮನೆಯಲ್ಲೇ ಆರು ವಾರದ ತಯಾರಿ

ಈಜು ಮೊದಲು. ಲೈಫ್ ಜಾಕೆಟ್ ಇದ್ದೇ ಇರುತ್ತದೆ, ಆದರೂ ಜಾಕೆಟ್ ಇಲ್ಲದೆ 50 ಮೀಟರ್ ಈಜಿ, ಐದು ನಿಮಿಷ ಅಂಗಾತ ತೇಲಲು ಬಂದರೆ ನೀರಿಗೆ ಬಿದ್ದಾಗ ಗಾಬರಿ ಇರುವುದಿಲ್ಲ. ಅಭ್ಯಾಸ ಈಜುಕೊಳದಲ್ಲಿ, ಬಲ್ಲವರೊಬ್ಬರು ದಡದಲ್ಲಿರುವಾಗ ಆಗಬೇಕು. ತೋಟದ ಕೆರೆ ಬೇಡ. ಅದರ ಏರಿ ಜಾರುತ್ತದೆ, ಅಡಿಯ ಕೆಸರು ಕಾಲು ಹಿಡಿಯುತ್ತದೆ. ಹಾರಂಗಿ, ಚಿಕ್ಲಿಹೊಳೆಯ ಹಿನ್ನೀರಿಗೆ ನೀವೇ ಇಳಿಯುವುದೂ ಬೇಡ.

ಎರಡನೆಯದು ಕೂರುವ ಅಭ್ಯಾಸ. ಕಯಾಕಿನಲ್ಲಿ ಕಾಲು ಮುಂದೆ ಚಾಚಿ, ಬೆನ್ನು ನೆಟ್ಟಗೆ ಇಟ್ಟು ಎರಡು ಮೂರು ಗಂಟೆ ಕೂರಬೇಕು. ತೊಡೆಯ ಹಿಂಭಾಗ ಬಿಗಿಯಾಗಿರುವವರಿಗೆ ಅರ್ಧ ಗಂಟೆಯಲ್ಲೇ ಸೊಂಟ ಹಿಡಿಯುತ್ತದೆ. ದಿನಾ ಟಿವಿ ನೋಡುವಾಗ ಸೋಫಾ ಬಿಟ್ಟು ನೆಲದಲ್ಲಿ, ಗೋಡೆಗೆ ಒರಗದೆ, ಮಂಡಿ ತುಸು ಮಡಚಿ ಕೂರಿ. ಹತ್ತು ನಿಮಿಷದಿಂದ ಶುರು ಮಾಡಿ ಮೂವತ್ತಕ್ಕೆ ಏರಿಸಿ.

ಹಾಗೆ ಕೂತಲ್ಲೇ ಹುಟ್ಟು ಹಾಕುವುದನ್ನೂ ಕಲಿಯಬಹುದು. ತೋಟದಲ್ಲಿ ಬಿದ್ದಿರುವ ತೆಳ್ಳಗಿನ ಪಿವಿಸಿ ಪೈಪು 220 ಸೆಂಟಿಮೀಟರ್‌ಗೆ ಕತ್ತರಿಸಿ. ಕಯಾಕಿನ ಹುಟ್ಟು ಹೆಚ್ಚುಕಡಿಮೆ ಅಷ್ಟೇ ಉದ್ದ. ನಡುವೆ ಒಂದು ಟೇಪು ಸುತ್ತಿ. ಪೈಪನ್ನು ತಲೆಯ ಮೇಲೆ ಅಡ್ಡ ಇಟ್ಟು, ಎರಡೂ ಮೊಣಕೈ ನೇರ ಕೋನಕ್ಕೆ ಬರುವಂತೆ ಹಿಡಿದು, ಹಿಡಿದ ಜಾಗಕ್ಕೆ ಎರಡು ಟೇಪು ಸುತ್ತಿ. ನಿಮ್ಮ ಹಿಡಿತ ಅದೇ. ಈಗ ಪೈಪು ಎದೆಯ ಮುಂದೆ ತಂದು, ಬಲಕ್ಕೆ ಹಾಕುವಾಗ ಬಲ ಭುಜ ಮುಂದೆ ಬರುವ ಹಾಗೆ ಹೊಕ್ಕುಳಿನಿಂದ ಮೇಲಿನ ಮೈಯನ್ನೇ ತಿರುಗಿಸಿ. ಪೈಪಿನ ತುದಿ ಪಾದದ ಪಕ್ಕ ‘ನೀರಿಗೆ’ ಇಳಿಯಬೇಕು, ಸೊಂಟದ ಹತ್ತಿರ ಬಂದಾಗ ಮೇಲೇಳಬೇಕು. ತೋಳು ಹೆಚ್ಚು ಮಡಚಬಾರದು. ಐವತ್ತು ಸಲ ಮಾಡಿದ ಮೇಲೆ ಹೊಟ್ಟೆಯ ಪಕ್ಕಗಳು ನೋಯುತ್ತಿದ್ದರೆ ಸರಿಯಾಗಿದೆ. ಬರೀ ಮುಂಗೈ, ರಟ್ಟೆ ನೋಯುತ್ತಿದ್ದರೆ ತೋಳಿನಿಂದ ಎಳೆಯುತ್ತಿದ್ದೀರಿ, ಕಡಲಲ್ಲಿ ಒಂದು ಗಂಟೆಗೆ ಸುಸ್ತಾಗುತ್ತೀರಿ. ರ‍್ಯಾಫ್ಟಿಂಗ್ ಮಾಡಿದವರು ಈ ತಪ್ಪಿಗೆ ಬೇಗ ಬೀಳುತ್ತಾರೆ, ಏಕೆಂದರೆ ರಾಫ್ಟಿನಲ್ಲಿ ಒಂದೇ ಅಲಗಿನ ಹುಟ್ಟು, ಸ್ವಲ್ಪ ಹೊತ್ತಿನ ಜೋರು.

ಭುಜ ಒಮ್ಮೆ ಜಾರಿದವರು, ಅಪಸ್ಮಾರ ಇರುವವರು, ಬಿಪಿ, ಸಕ್ಕರೆ, ಹೃದಯಕ್ಕೆ ಔಷಧಿ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿ, ಗೈಡ್‌ಗೂ ಮೊದಲೇ ತಿಳಿಸಿ. ವಿಮೆ ಇದ್ದರೆ ಸಾಹಸ ಕ್ರೀಡೆಯನ್ನು ಹೊರಗಿಟ್ಟಿದೆಯೇ ಎಂದು ಪಾಲಿಸಿ ತೆರೆದು ನೋಡಿ. ಬಹಳಷ್ಟು ಪಾಲಿಸಿಗಳು ಹೊರಗಿಡುತ್ತವೆ.

4. ಚೀಲಕ್ಕೆ ಏನು, ಏನು ಬೇಡ

ಮಳೆನಾಡಿನವರ ಕೈ ಮೊದಲು ಹೋಗುವುದು ಗಂಬೂಟು ಮತ್ತು ದಪ್ಪ ರೈನ್‌ಕೋಟಿಗೆ. ಎರಡೂ ಬೇಡ. ಮಗುಚಿದರೆ ಗಂಬೂಟಿನಲ್ಲಿ ನೀರು ತುಂಬಿ ಕಾಲು ಆಡಿಸಲಾಗುವುದಿಲ್ಲ, ಮತ್ತೆ ಹತ್ತುವುದೂ ಆಗುವುದಿಲ್ಲ. ಜೀನ್ಸ್, ದಪ್ಪ ಹತ್ತಿ ಬಟ್ಟೆ ಬೇಡ. ನಮ್ಮ ಕರಾವಳಿಯ ನೀರು ವರ್ಷವಿಡೀ 26ರಿಂದ 30 ಡಿಗ್ರಿ ಆಸುಪಾಸು, ಹಾಗಾಗಿ ಮೈ ಬೆಚ್ಚಗಿಡುವ ವೆಟ್‌ಸೂಟೂ ಬೇಡ.

ಮೂರು ದಿನಕ್ಕೆ: ಬೇಗ ಒಣಗುವ ತುಂಬುತೋಳಿನ ಅಂಗಿ ಎರಡು, ಮಂಡಿ ಮುಚ್ಚುವ ಪ್ಯಾಂಟು ಎರಡು, ಹಿಮ್ಮಡಿ ಬಿಗಿಯಾಗಿ ಹಿಡಿಯುವ ಹಳೆಯ ಬಟ್ಟೆ ಬೂಟು ಒಂದು ಜೊತೆ (ಹವಾಯಿ ಚಪ್ಪಲಿ ಮೊದಲ ಅಲೆಗೇ ಹೋಗುತ್ತದೆ), ಗದ್ದದ ಕೆಳಗೆ ಕಟ್ಟುವ ದಾರವಿರುವ ಅಗಲ ಟೋಪಿ, ಹಗ್ಗ ಕಟ್ಟಿದ ಕನ್ನಡಕ, ಎಸ್‌ಪಿಎಫ್ 50ರ ನೀರಿಗೆ ತಾಳುವ ಸನ್‌ಸ್ಕ್ರೀನ್, ಒಂದು ಸೀಟಿ, ಒಂದು ತಲೆದೀಪ. ಸನ್‌ಸ್ಕ್ರೀನನ್ನು ದಡದಲ್ಲೇ ಹಚ್ಚಿ, ಆಮೇಲೆ ಅಂಗೈಯನ್ನು ಮರಳಿನಿಂದ ಉಜ್ಜಿ ತೊಳೆಯಿರಿ. ಜಿಡ್ಡು ಉಳಿದರೆ ಹುಟ್ಟು ಕೈಯಲ್ಲಿ ತಿರುಗುತ್ತದೆ, ಅದನ್ನು ಬಿಗಿ ಹಿಡಿಯಲು ಹೋಗಿ ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ ಏಳುತ್ತದೆ.

ನೀರು ಹೊಗದ ಡ್ರೈ ಬ್ಯಾಗ್ ದೊಡ್ಡದೊಂದರ ಬದಲು 10 ಲೀಟರಿನವು ಎರಡು ಮೂರು ಇರಲಿ, ಏಕೆಂದರೆ ಸೀ ಕಯಾಕಿನ ಸಾಮಾನು ಕಿಂಡಿ ಸಣ್ಣದು. ಗಾಳಿ ಹೊರಗೆ ಒತ್ತಿ, ಬಾಯಿಯನ್ನು ಕನಿಷ್ಠ ಮೂರು ಸುತ್ತು ಸುತ್ತಿ, ಆಮೇಲೆ ಬಕಲ್. ಒಂದೇ ಸುತ್ತು ಸುತ್ತಿದರೆ ಒಳಗಿನ ಬಟ್ಟೆ ಒದ್ದೆಯಾಗುತ್ತದೆ, ತಯಾರಕರನ್ನು ಬೈದು ಪ್ರಯೋಜನವಿಲ್ಲ. ಒಂದು ದಿನ ಮೊದಲೇ ಬಕೆಟ್ಟಿನಲ್ಲಿ ಮುಳುಗಿಸಿ ನೋಡಿ. ಒಣ ಬಟ್ಟೆ, ಔಷಧಿ ಮತ್ತು ಒಂದಿಷ್ಟು ನಗದು ಅದರಲ್ಲಿ ಹೋಗಲಿ. ಒದ್ದೆ ಬೆರಳಿಗೆ ಫೋನಿನ ಪರದೆ ಸ್ಪಂದಿಸುವುದಿಲ್ಲ, ಯುಪಿಐ ನೆಚ್ಚಬೇಡಿ.

ಕುಡಿಯುವ ನೀರು ತಲೆಗೆ ದಿನಕ್ಕೆ ಮೂರು ಲೀಟರ್, ಒಆರ್‌ಎಸ್ ಪೊಟ್ಟಣ ಎರಡು. ಇದನ್ನು ಒತ್ತಿ ಹೇಳಲು ಕಾರಣವಿದೆ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ನವೆಂಬರ್ ಬೆಳಿಗ್ಗೆ ಸ್ವೆಟರ್ ಹಾಕುವ ಊರು. ಅಲ್ಲಿಂದ ಒಂದೇ ದಿನದಲ್ಲಿ 32, 33 ಡಿಗ್ರಿಯ ಬೆವರೂ ಆರದ ಸೆಕೆಗೆ ಇಳಿಯುತ್ತೀರಿ. ಮೈ ಅದಕ್ಕೆ ಪೂರಾ ಒಗ್ಗಲು ವಾರದ ಮೇಲೆ ಬೇಕು, ನಿಮ್ಮ ಬಳಿ ಇರುವುದು ಮೂರು ದಿನ. ಕೊಡಗಿನವರು ಕರಾವಳಿಯಲ್ಲಿ ಸೋಲುವುದು ಅಲೆಗಿಂತ ಹೆಚ್ಚಾಗಿ ಈ ಸೆಕೆಗೆ. ತಲೆನೋವು, ವಾಕರಿಕೆ, ಮೂತ್ರ ಗಾಢ ಹಳದಿ ಎಂದಾದರೆ ಸುಮ್ಮನಿರದೆ ಗೈಡ್‌ಗೆ ಹೇಳಿ.

5. ಹೋಗುವುದು

ಜಿಲ್ಲೆಗೆ ರೈಲಿಲ್ಲ, ಹಾಗಾಗಿ ಘಾಟಿ ಇಳಿಯಲೇಬೇಕು. ಮಡಿಕೇರಿ ಕಡೆಯವರಿಗೆ ಸಂಪಾಜೆ, ಸುಳ್ಯ, ಪುತ್ತೂರು ದಾಟಿ ಮಂಗಳೂರು, ಸುಮಾರು 140 ಕಿ.ಮೀ.; ನಾಲ್ಕು ಗಂಟೆ ಹಿಡಿಯಿರಿ. ಅಲ್ಲಿಂದ ಉಡುಪಿಗೆ ಬಸ್ಸು ಬೇಕಾದಷ್ಟಿವೆ, ಗೋಕರ್ಣ, ಕಾರವಾರಕ್ಕೆ ಕೊಂಕಣ ರೈಲು ಸುಖ. ವಿರಾಜಪೇಟೆ, ಗೋಣಿಕೊಪ್ಪ ಕಡೆಯವರು ಮಾಕುಟ್ಟ ಘಾಟಿಯಲ್ಲಿ ಇಳಿದು ಇರಿಟ್ಟಿ ಮೂಲಕ ಕಣ್ಣೂರು ಸೇರಿ ರೈಲು ಹಿಡಿಯುವುದು ಹತ್ತಿರ. ಅಂಡಮಾನಿಗಾದರೆ ಬೆಂಗಳೂರಿನಿಂದ ವಿಮಾನ.

ಯಾವ ದಾರಿಯಾದರೂ ಕಯಾಕಿಂಗ್‌ನ ಹಿಂದಿನ ದಿನ ಸಂಜೆಯೊಳಗೆ ತಲುಪಿ. ಬೆಳಗಿನ ಜಾವ ಮೂರಕ್ಕೆ ಎದ್ದು ಘಾಟಿ ಇಳಿದು ಆರೂವರೆಗೆ ಕಡಲಿಗಿಳಿಯುವ ಯೋಜನೆ ಕಾಗದದ ಮೇಲೆ ಚೆಂದ, ಅಷ್ಟೇ. ಸಂಪಾಜೆಯ ತಿರುವಿನಲ್ಲಿ ವಾಂತಿ ಮಾಡುವವರಿಗೆ ಅಲೆಯಲ್ಲೂ ಹೊಟ್ಟೆ ತೊಳೆಸುವ ಸಾಧ್ಯತೆ ಹೆಚ್ಚು. ಅವರು ಮಾತ್ರೆಯ ವಿಷಯ ಡಾಕ್ಟರ ಬಳಿ ಮೊದಲೇ ಮಾತಾಡಿ, ಒಂದನ್ನು ಮನೆಯಲ್ಲೇ ತೆಗೆದುಕೊಂಡು ನೋಡಲಿ. ಕೆಲವು ಮಾತ್ರೆಗಳಿಗೆ ವಿಪರೀತ ನಿದ್ದೆ ಬರುತ್ತದೆ. ಹಿಂದಿನ ರಾತ್ರಿ ಮೀನೂಟ ಹಿತಮಿತವಾಗಿರಲಿ, ಗ್ಲಾಸು ಮುಟ್ಟಬೇಡಿ. ಬೆಳಿಗ್ಗೆ ಎರಡು ಇಡ್ಲಿಯೋ ಬಾಳೆಹಣ್ಣೋ ತಿಂದೇ ಹೊರಡಿ. ಖಾಲಿ ಹೊಟ್ಟೆಗೆ ತೊಳೆಸುವುದು ಜಾಸ್ತಿ.

ರಾತ್ರಿ ಮಲಗುವ ಮೊದಲು ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಕೊಡುವ ಅಲೆಯ ಮುನ್ಸೂಚನೆ, ಹವಾಮಾನ ಇಲಾಖೆ ಮೀನುಗಾರರಿಗೆ ಕೊಡುವ ಎಚ್ಚರಿಕೆ ನೋಡಿ. ಮೀನುಗಾರರಿಗೆ ಬೇಡವೆಂದ ದಿನ ನಿಮಗೂ ಬೇಡ. ಕರಾವಳಿ ಕಾವಲು ಪಡೆಯ 1554 ಮತ್ತು 112 ಎರಡನ್ನೂ ಫೋನಿನಲ್ಲಿ ಉಳಿಸಿಕೊಳ್ಳಿ.

6. ನೀರಿನ ಮೇಲೆ

ಬೆಳಿಗ್ಗೆ ಬೇಗ ಹೊರಡುವುದು ಗಾಳಿಯ ಲೆಕ್ಕಕ್ಕೆ. ರಾತ್ರಿ ತಣಿದ ನೆಲದಿಂದ ಕಡಲಿನತ್ತ ಮೆಲ್ಲನೆ ಗಾಳಿ ಬೀಸುತ್ತಿರುತ್ತದೆ, ನೀರು ತಟ್ಟೆಯಂತಿರುತ್ತದೆ. ಈ ಗಾಳಿ ಬೆನ್ನಿಗಿರುವುದರಿಂದ ಹೊರಗೆ ಹೋಗುವುದು ಸಲೀಸು, ಎಷ್ಟು ದೂರ ಬಂದೆವೆಂದು ತಿಳಿಯುವುದಿಲ್ಲ. ಹನ್ನೊಂದರ ಹೊತ್ತಿಗೆ ನೆಲ ಕಾದು ಗಾಳಿ ತಿರುಗುತ್ತದೆ, ಕಡಲಿನಿಂದ ದಡಕ್ಕೆ ಬೀಸಿ ಅಲೆ ಎಬ್ಬಿಸುತ್ತದೆ. ಹೊಸಬರ ವೇಗ ಗಂಟೆಗೆ ನಾಲ್ಕು ಕಿ.ಮೀ. ಇದ್ದರೆ ಹೆಚ್ಚು, ಎದುರು ಗಾಳಿಯಲ್ಲಿ ಅದು ಅರ್ಧಕ್ಕಿಳಿಯುತ್ತದೆ. ಹತ್ತೂವರೆಯೊಳಗೆ ದಡ ಸೇರುವ ಹಾಗೆ ಗೈಡ್ ಹೊರಡಿಸಿದರೆ ಗೊಣಗಬೇಡಿ.

ಇನ್ನೊಂದು ಜಾಗ ಅಳಿವೆ. ಇಳಿತದಲ್ಲಿ ಹೊಳೆಯ ನೀರು ಹೊರಗೆ ನುಗ್ಗುವಾಗ ಎದುರಿನಿಂದ ಕಡಲ ಗಾಳಿ ಬೀಸಿದರೆ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಮೇಲೊಂದು ನಿಲ್ಲುತ್ತವೆ. ಅದೇ ಅಳಿವೆ ಭರತದಲ್ಲಿ ಶಾಂತ. ಮೀನುಗಾರಿಕೆ ದೋಣಿಗಳು ಓಡಾಡುವ ದಾರಿಯೂ ಅದೇ, ಅವರಿಗೆ ನಿಮ್ಮ ಕಯಾಕ್ ಕಾಣುವುದಿಲ್ಲ. ದಾಟುವುದಾದರೆ ಗುಂಪು ಒತ್ತಾಗಿ, ಅಡ್ಡಡ್ಡ, ಬೇಗ.

ಕೂರುವ ಮೊದಲು ಪಾದ ಊರುವ ಫುಟ್ ಪೆಗ್ ಹೊಂದಿಸಿ. ಮಂಡಿ ತುಸು ಮಡಚಿ ಹೊರಕ್ಕೆ ವಾಲಿ, ತೊಡೆ ಮೇಲಿನ ಅಂಚಿಗೆ ತಾಗಬೇಕು. ಪೆಗ್ ಹತ್ತಿರವಾದರೆ ಕಾಲು ಜೋಮು ಹಿಡಿಯುತ್ತದೆ, ದೂರವಾದರೆ ಹುಟ್ಟಿಗೆ ಬಲ ಸಿಗುವುದಿಲ್ಲ. ಲೈಫ್ ಜಾಕೆಟ್ ಹಾಕಿ ಎಲ್ಲ ಪಟ್ಟಿ ಬಿಗಿದ ಮೇಲೆ ಇನ್ನೊಬ್ಬರು ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲಿ. ಕಿವಿಯವರೆಗೆ ಬಂದರೆ ದೊಡ್ಡದು, ಬೇರೆ ಕೇಳಿ. ಹುಟ್ಟನ್ನು ಮೊಟ್ಟೆ ಹಿಡಿದಷ್ಟೇ ಹಗುರ ಹಿಡಿಯಿರಿ.

ಕಯಾಕ್ ಅಲುಗಿದಾಗ ಪಕ್ಕದ ಅಂಚು ಹಿಡಿಯುವುದೇ ಮಗುಚಲು ದೊಡ್ಡ ಕಾರಣ. ಅಂಚು ಹಿಡಿದ ಕೂಡಲೇ ಮೈಭಾರ ಅತ್ತ ವಾಲುತ್ತದೆ. ಬದಲಿಗೆ ಹುಟ್ಟಿನ ಅಲಗನ್ನು ನೀರಿನ ಮೇಲೆ ಚಪ್ಪಟೆಯಾಗಿ ಬಡಿಯಿರಿ, ಸೊಂಟ ಸಡಿಲ ಬಿಡಿ.

7. ಮಗುಚಿದರೆ

ಮೊದಲ ದಿನ ಎದೆಮಟ್ಟದ ನೀರಿನಲ್ಲಿ ಬೇಕೆಂದೇ ಮಗುಚಿ ಕಲಿಯಿರಿ. ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಸ್ಪ್ರೇ ಸ್ಕರ್ಟ್ (ಕೂರುವ ಕಿಂಡಿಯೊಳಗೆ ನೀರು ಬಾರದಂತೆ ಸೊಂಟಕ್ಕೆ ಕಟ್ಟುವ ಹೊದಿಕೆ) ಹಾಕಿದ್ದರೆ ಅದರ ಮುಂಭಾಗದ ಕುಣಿಕೆ ಹೊರಗೇ ಇದೆಯೇ ಎಂದು ಪ್ರತಿ ಸಲ ಮುಟ್ಟಿ ನೋಡಿ. ಒಳಗೆ ಸಿಕ್ಕಿಕೊಂಡರೆ ಎಳೆಯಲು ಏನೂ ಸಿಗುವುದಿಲ್ಲ.

ತಲೆಕೆಳಗಾದಾಗ: ಮುಂದಕ್ಕೆ ಬಾಗಿ, ಕುಣಿಕೆಯನ್ನು ಮುಂದಕ್ಕೂ ಮೇಲಕ್ಕೂ ಎಳೆದು, ಎರಡೂ ಕೈ ಸೊಂಟದ ಬಳಿ ಕಯಾಕಿನ ಅಂಚಿಗೆ ಒತ್ತಿ, ಪ್ಯಾಂಟು ಕಳಚಿದ ಹಾಗೆ ಕಯಾಕನ್ನು ಕಾಲಿನಿಂದ ಕಳಚಿ. ಹಿಂದಕ್ಕೆ ವಾಲಿದರೆ ತೊಡೆ ಸಿಕ್ಕಿಕೊಳ್ಳುತ್ತದೆ. ಮೇಲೆ ಬಂದ ಮೇಲೆ ಕಯಾಕ್ ಮತ್ತು ಹುಟ್ಟು ಎರಡನ್ನೂ ಬಿಡಬೇಡಿ. ಹೊಳೆಯಲ್ಲಿ ಬಿದ್ದವರು ಕಾಲು ಮುಂದೆ ಮಾಡಿ ತೇಲುತ್ತಾ ದಡಕ್ಕೆ ಹೋಗುವುದು ಸರಿ. ಕಡಲಲ್ಲಿ ದಡಕ್ಕೆ ಈಜಲು ಹೊರಡುವುದು ತಪ್ಪು: ಖಾಲಿ ಕಯಾಕ್ ಗಾಳಿಗೆ ನೀವು ಈಜುವುದಕ್ಕಿಂತ ಬೇಗ ಓಡುತ್ತದೆ, ನೀರಿನಲ್ಲಿ ಬರೀ ತಲೆಯನ್ನು ಹುಡುಕುವುದು ಕಷ್ಟ. ಗೈಡ್ ಬಂದು ನಿಮ್ಮ ಕಯಾಕಿನ ಮೂತಿ ತನ್ನದರ ಮೇಲೆ ಎತ್ತಿ ನೀರು ಸುರಿದು, ಪಕ್ಕಕ್ಕೆ ಒತ್ತಿ ಹಿಡಿಯುತ್ತಾರೆ. ನೀವು ಕಾಲನ್ನು ನೀರಿನ ಮೇಲ್ಮೈಗೆ ಒದೆಯುತ್ತಾ ಹೊಟ್ಟೆಯ ಮೇಲೆ ಹತ್ತಿ, ಕಾಲು ಒಳಗೆ ತೂರಿಸಿ, ಕೊನೆಗೆ ತಿರುಗಿ ಕೂರಬೇಕು. ಹೊಟ್ಟೆ ಕಯಾಕಿಗೆ ಅಂಟಿಕೊಂಡೇ ಇರಲಿ, ಎದ್ದು ನಿಂತರೆ ಮತ್ತೆ ನೀರಿಗೆ.

8. ದಡ ಹತ್ತುವುದು

ಪೆಟ್ಟಾಗುವುದು ಹೆಚ್ಚಾಗಿ ಕಡಲ ನಡುವೆ ಅಲ್ಲ, ಮರಳಿಗೆ ಇನ್ನು ಹತ್ತು ಮೀಟರ್ ಇರುವಾಗ. ಅಲೆ ಹಿಂಬದಿಗೆ ತಾಗಿ ಕಯಾಕ್ ಅಡ್ಡ ತಿರುಗುತ್ತದೆ, ಉರುಳುತ್ತದೆ. ಗೈಡ್ ಮೊದಲು ದಡಕ್ಕೆ ಹೋಗಿ ಕೈ ಎತ್ತುವವರೆಗೆ ಒಡೆಯುವ ಅಲೆಯ ಹೊರಗೇ ಕಾಯಿರಿ. ಸಂಜ್ಞೆ ಸಿಕ್ಕಾಗ ಒಂದು ಅಲೆಯ ಬೆನ್ನ ಮೇಲೆ ಬನ್ನಿ, ಅದರ ಮುಂದೆ ಅಲ್ಲ. ಇಳಿಯುವಾಗ ಕಡಲ ಬದಿಗೆ ಇಳಿಯಿರಿ. ಕಯಾಕ್ ಮತ್ತು ದಡದ ನಡುವೆ ಒಂದು ಕ್ಷಣವೂ ನಿಲ್ಲಬಾರದು. ನೀರು ತುಂಬಿದ ಕಯಾಕ್ ಇನ್ನೂರು ಕಿಲೋ ಮೀರುತ್ತದೆ, ಮುಂದಿನ ಅಲೆ ಅದನ್ನು ನೇರ ಮೊಣಕಾಲಿಗೆ ತರುತ್ತದೆ.

ಬಂಡೆಗೆ ಅಂಟಿದ ಚಿಪ್ಪು ಬ್ಲೇಡಿನಷ್ಟು ಹರಿತ, ಬೂಟು ಬಿಚ್ಚಬೇಡಿ. ಮರಳಿನಲ್ಲಿ ತೊರಕೆ ಮೀನು (ಸ್ಟಿಂಗ್ ರೇ) ಹುದುಗಿರಬಹುದು, ಹೆಜ್ಜೆ ಎತ್ತದೆ ಕಾಲು ಎಳೆಯುತ್ತಾ ನಡೆದರೆ ಅದೇ ಸರಿದು ಹೋಗುತ್ತದೆ. ಅಂಬಲಿ ಮೀನು (ಜೆಲ್ಲಿ ಫಿಶ್) ತಾಗಿ ಉರಿಯೆದ್ದರೆ ಸಮುದ್ರದ ನೀರಿನಲ್ಲೇ ತೊಳೆದು, ಎಳೆಗಳನ್ನು ಚಿಮುಟದಿಂದ ತೆಗೆಯಿರಿ. ಉಜ್ಜಬೇಡಿ, ಸಿಹಿನೀರು ಹಾಕಬೇಡಿ. ಹುಳಿ ಒಳ್ಳೆಯದಂತೆ ಎಂದು ಚೀಲದಲ್ಲಿ ಕಾಚಂಪುಳಿ (ಕೊಡಗಿನ ಕಪ್ಪು ವಿನೆಗರ್) ತರುವವರು ಅದನ್ನು ಸಾರಿಗೆ ಉಳಿಸಿಕೊಳ್ಳಲಿ. ಉಸಿರಾಟ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ.

ಮೂರನೆಯ ದಿನ ಮಧ್ಯಾಹ್ನವೇ ಕಾರು ಹತ್ತಿ ರಾತ್ರಿ ಘಾಟಿ ಏರುವ ಆತುರ ಬೇಡ. ಬಿಸಿಲು, ಉಪ್ಪು, ಹುಟ್ಟಿನ ಸುಸ್ತು ಸೇರಿ ಸ್ಟೇರಿಂಗ್ ಮೇಲೆ ಕಣ್ಣು ಎಳೆಯುತ್ತದೆ. ಒಂದು ರಾತ್ರಿ ಉಳಿದು ಬೆಳಿಗ್ಗೆ ಹೊರಡಿ. ಮನೆಗೆ ಬಂದ ದಿನವೇ ಡ್ರೈ ಬ್ಯಾಗ್, ಬೂಟು, ಟೋಪಿಯನ್ನು ಸಿಹಿನೀರಿನಲ್ಲಿ ನೆನೆಸಿ ತೊಳೆದು, ಒಲೆಯ ಹತ್ತಿರವಲ್ಲದೆ ಗಾಳಿಯಾಡುವ ನೆರಳಿನಲ್ಲಿ ಎರಡು ದಿನ ಒಣಗಿಸಿ. ಉಪ್ಪು ಉಳಿದ ಬಟ್ಟೆ ಒಣಗಿದಂತೆ ಕಂಡರೂ ನಮ್ಮ ಹವೆಯ ತೇವ ಎಳೆದುಕೊಂಡು ಮುಂದಿನ ಮಳೆಗಾಲಕ್ಕೆ ಬೂಷ್ಟು ಹಿಡಿದಿರುತ್ತದೆ.